ಎರಡು ತಗಡುಗಳ ನಡುವಿನ ತುಕ್ಕು: ವೆಲ್ಡ್-ಥ್ರೂ ಪ್ರೈಮರ್ ಬಳಸಿ ಕಲಿತದ್ದು

ಕಳೆದ ವರ್ಷ ಮಳೆಗಾಲ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ, ಅಪ್ಪಯ್ಯನ 1997ರ ಮಾರುತಿ 800 ಕಾರಿನ ಟಯರ್ ಬದಲಾಯಿಸಲೆಂದು ಎಡಬದಿಗೆ ಜಾಕ್ ಕೊಟ್ಟಾಗ, ಕಾರು ಮೇಲೇಳುವ ಬದಲು ಜಾಕಿನ ತಲೆಯೇ ತಗಡಿನೊಳಕ್ಕೆ ಇಳಿಯಿತು. ಒಣಗಿದ ತರಗೆಲೆಯ ಮೇಲೆ ಕಾಲಿಟ್ಟಂಥ ಸದ್ದು ಬಂತು. ಮರುಕ್ಷಣ ಅಂಗಳದ ಕಲ್ಲಿನ ಮೇಲೆ ಬೊಗಸೆ ತುಂಬುವಷ್ಟು ಕಂದು ಚಕ್ಕೆಗಳು ಉದುರಿದವು. ಹೊರಗಿನಿಂದ ನೋಡಿದರೆ ಆ ಜಾಗದಲ್ಲಿ ಒಂದು ಗುಳ್ಳೆಯೂ ಎದ್ದಿರಲಿಲ್ಲ. ಮೂರು ವರ್ಷದ ಹಿಂದೆ ಪೇಟೆಯ ಗ್ಯಾರೇಜೊಂದರಲ್ಲಿ ಅದೇ ಭಾಗಕ್ಕೆ ಹೊಸ ತಗಡು ಹಾಕಿಸಿ, ಪುಟ್ಟಿ ಹಚ್ಚಿಸಿ, ಬಣ್ಣ ಹೊಡೆಸಿದ್ದೆವು. ಬಣ್ಣ ಇನ್ನೂ ಹೊಳೆಯುತ್ತಿತ್ತು. ಅದರ ಹಿಂದೆ ಇರಬೇಕಾಗಿದ್ದ ಲೋಹ ಮಾತ್ರ ಉಳಿದಿರಲಿಲ್ಲ.

ಅಪ್ಪಯ್ಯ ತೀರಿಕೊಂಡ ಮೇಲೆ ಆ ಕಾರನ್ನು ಗುಜರಿಗೆ ಕೊಡುವ ಮನಸ್ಸು ಮನೆಯಲ್ಲಿ ಯಾರಿಗೂ ಬಂದಿಲ್ಲ. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು; ವೆಲ್ಡಿಂಗ್ ನನ್ನ ಕಸುಬಲ್ಲ. ಆದರೂ ಈ ಸಲ ಕಾರನ್ನು ಬಿಟ್ಟುಬಂದು ವಾರದ ಮೇಲೆ ಬಿಲ್ಲು ಕೊಟ್ಟು ತರುವ ಕ್ರಮ ಬೇಡವೆಂದು ತೀರ್ಮಾನಿಸಿ, ಟಿಂಕರಿಂಗ್ ಕೆಲಸದಲ್ಲಿ ನಲವತ್ತು ವರ್ಷ ಕಳೆದ ನಮ್ಮ ಊರಿನ ಆಚಾರ್ರೊಬ್ಬರ ಶೆಡ್ಡಿನಲ್ಲಿ, ರಜೆಯ ದಿನಗಳಲ್ಲಿ ಅವರ ಜೊತೆಗೇ ನಿಂತು ಕೆಲಸ ಮಾಡಿದೆ. ಆ ಒಂದೂವರೆ ತಿಂಗಳಲ್ಲಿ ನನಗೆ ಹೆಚ್ಚು ಕಲಿಸಿದ್ದು ಬೂದು ಬಣ್ಣದ ಒಂದು ಸ್ಪ್ರೇ ಡಬ್ಬಿ. ಅದರ ಹೆಸರು ವೆಲ್ಡ್-ಥ್ರೂ ಪ್ರೈಮರ್, ಅಂದರೆ ಹಚ್ಚಿದ ಮೇಲೂ ಅದರ ಮೂಲಕವೇ ವೆಲ್ಡಿಂಗ್ ಮಾಡಬಹುದಾದ ಪ್ರೈಮರ್ (ಬಣ್ಣಕ್ಕೆ ಮುಂಚೆ ಲೋಹಕ್ಕೆ ಹಚ್ಚುವ ತಳಲೇಪ). ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದರ ಬಗ್ಗೆ ಕನ್ನಡದಲ್ಲಿ ವಿವರವಾಗಿ ಬರೆದದ್ದು ನನ್ನ ಕಣ್ಣಿಗೆ ಬೀಳದ ಕಾರಣ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಜಾಗದ ವಿಷಯ. ಮಾರುತಿ 800ಕ್ಕೆ ಜೀಪಿನಂತೆ ಬೇರೆ ಚಾಸಿ ಇಲ್ಲ. ತೆಳುವಾದ ತಗಡುಗಳನ್ನು ಮಡಚಿ, ಒಂದಕ್ಕೊಂದು ಬೆಸೆದ ಪೆಟ್ಟಿಗೆಗಳೇ ಅದರ ಬಲ. ಬಾಗಿಲಿನ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹಾಯುವ, ಗ್ಯಾರೇಜುಗಳಲ್ಲಿ ರನ್ನಿಂಗ್ ಬೋರ್ಡ್ ಎಂದು ಕರೆಯುವ ಭಾಗವೂ ಅಂಥದೇ ಪೆಟ್ಟಿಗೆ. ಒಳತಗಡು ಮತ್ತು ಹೊರತಗಡುಗಳ ಅಂಚುಗಳು ಕೆಳಗಡೆ ಒಂದರ ಮೇಲೊಂದು ಕೂಡುತ್ತವೆ. ಆ ಅಂಚಿನ ಉದ್ದಕ್ಕೂ ಕಾರ್ಖಾನೆಯವರು ಸಾಲಾಗಿ ಸ್ಪಾಟ್ ವೆಲ್ಡಿಂಗ್, ಅಂದರೆ ಚುಕ್ಕೆ ಚುಕ್ಕೆಯಾಗಿ ಬೆಸುಗೆ, ಮಾಡಿರುತ್ತಾರೆ. ಜಾಕ್ ಕೊಡುವುದೂ ಅದೇ ಅಂಚಿಗೆ. ಈ ಅಂಚು ಹೋದರೆ ಕಾರಿನ ಬೆನ್ನುಮೂಳೆಯೇ ಹೋದಂತೆ.

ಕರಾವಳಿಯಲ್ಲಿ ಇದು ಬೇಗ ಹೋಗುತ್ತದೆ. ವರ್ಷಕ್ಕೆ 3,500 ಮಿ.ಮೀ. ಆಸುಪಾಸಿನಲ್ಲಿ, ಕೆಲವೆಡೆ ಅದಕ್ಕೂ ಮಿಕ್ಕಿ, ಮಳೆ ಬೀಳುವ ಪ್ರದೇಶ ನಮ್ಮದು. ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿ ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿಯ ನಡುವೆ ಹಾಯುತ್ತದೆ. ಜೂನ್-ಜುಲೈ ತಿಂಗಳಲ್ಲಿ ಅಲ್ಲಿ ಕಾರು ನಿಲ್ಲಿಸಿದರೆ ಅರ್ಧ ಗಂಟೆಯಲ್ಲಿ ಗಾಜಿನ ಮೇಲೆ ಉಪ್ಪಿನ ಪೊರೆ ಕಟ್ಟುವುದನ್ನು ಬೆರಳಿನಿಂದ ಒರೆಸಿ ನೋಡಬಹುದು. ಅದೇ ಉಪ್ಪು ಚಕ್ರದಿಂದ ಚಿಮ್ಮಿದ ನೀರಿನೊಡನೆ ರನ್ನಿಂಗ್ ಬೋರ್ಡಿನೊಳಕ್ಕೂ ಹೋಗುತ್ತದೆ. ಅಪ್ಪಯ್ಯ ಈ ದಾರಿಯಲ್ಲೇ ಇಪ್ಪತ್ತು ವರ್ಷ ಓಡಾಡಿದರು.

ಆಚಾರ್ರು ಗ್ರೈಂಡರಿಗೆ ತೆಳು ಕಟಿಂಗ್ ವೀಲ್ ಸಿಕ್ಕಿಸಿ ಹೊರತಗಡನ್ನು ಕೊಯ್ದು ತೆಗೆದಾಗ ಮೂರು ವರ್ಷದ ಹಿಂದಿನ ಕೆಲಸದ ಕಥೆಯೆಲ್ಲ ಹೊರಬಂತು. ಹಳೆಯ, ಅರ್ಧ ತಿಂದುಹೋದ ತಗಡನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಹೊದಿಸಿ, ಅಲ್ಲಲ್ಲಿ ಟ್ಯಾಕ್ (ಸಣ್ಣ ಬೆಸುಗೆ) ಹಾಕಿ, ಮೇಲೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಪುಟ್ಟಿ ಮೆತ್ತಲಾಗಿತ್ತು. ಎರಡು ತಗಡುಗಳ ನಡುವೆ ಉಳಿಯನ್ನು ತೂರಿಸಿ ಬಿಡಿಸಿದಾಗ ಒಳಗಿನಿಂದ ಬಂದದ್ದು ಒದ್ದೆಯಾದ, ಕಾಫಿಪುಡಿಯ ಬಣ್ಣದ ಹಿಟ್ಟು. ಮೇ ತಿಂಗಳ ಬಿಸಿಲಿನಲ್ಲೂ ಅದು ಒಣಗಿರಲಿಲ್ಲ. ಹೊರಮೈಗೆ ರೆಡ್ ಆಕ್ಸೈಡ್ ಪ್ರೈಮರ್, ಬಣ್ಣ ಎಲ್ಲವೂ ಇತ್ತು. ಆದರೆ ಒಂದರ ಮೇಲೊಂದು ಕುಳಿತ ಆ ಎರಡು ಮುಖಗಳು ಬೆಸುಗೆಯಾದ ದಿನವೂ ಬರಿ ಲೋಹ, ನಂತರವೂ ಬರಿ ಲೋಹ.

ಕಾರ್ಖಾನೆಯ ಮೂಲ ಅಂಚು ಉಳಿದಿದ್ದ ಕಡೆಯಲ್ಲೂ ಗಮನಿಸಬೇಕಾದ ಒಂದು ಲಕ್ಷಣವಿತ್ತು. ಸ್ಪಾಟ್ ಇದ್ದಲ್ಲಿ ಎರಡು ತಗಡುಗಳೂ ಕಚ್ಚಿಕೊಂಡಿದ್ದವು. ಒಂದು ಸ್ಪಾಟಿಗೂ ಇನ್ನೊಂದಕ್ಕೂ ನಡುವೆ ಅವು ಉಬ್ಬಿ, ಇಡೀ ಅಂಚು ಹಪ್ಪಳದ ಅಂಚಿನಂತೆ ಅಲೆಅಲೆಯಾಗಿತ್ತು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಹೋಗಲು ಬೇರೆ ದಾರಿ ಇಲ್ಲದ್ದರಿಂದ ಅದು ತಗಡುಗಳನ್ನೇ ಒಳಗಿನಿಂದ ತಳ್ಳುತ್ತದೆ. ಹಳೆಯ ಕಾರು ಕೊಳ್ಳುವವರು ಬೋನೆಟ್ ತೆರೆದು ಇಂಜಿನ್ ಸದ್ದು ಕೇಳುವುದಕ್ಕೆ ಮುಂಚೆ, ನೆಲಕ್ಕೆ ಮಂಡಿಯೂರಿ ಈ ಅಂಚನ್ನೊಮ್ಮೆ ಕೈಯಿಂದ ಸವರಿ ನೋಡುವುದು ಒಳ್ಳೆಯದು ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಎರಡು ತಗಡುಗಳ ನಡುವಿನ ಜಾಗವೇ ಯಾಕೆ ಮೊದಲು ತುಕ್ಕು ಹಿಡಿಯಬೇಕು? ಕೂದಲೆಳೆಯಷ್ಟು ಸಂದು ಇದ್ದರೆ ನೀರು ಅದರೊಳಕ್ಕೆ ತಾನಾಗಿಯೇ ಏರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ಲೋಮನಾಳ ಕ್ರಿಯೆಯಿಂದ. ಒಳಗೆ ಸೇರಿದ ನೀರಿಗೆ ಗಾಳಿ ತಾಗದ ಕಾರಣ ಅದು ಆರುವುದಿಲ್ಲ. ಸಂದಿನ ಬಾಯಿಯಲ್ಲಿರುವ ನೀರಿಗೆ ಆಮ್ಲಜನಕ ಸಿಗುತ್ತದೆ, ಆಳದಲ್ಲಿರುವ ನೀರಿಗೆ ಸಿಗುವುದಿಲ್ಲ. ಈ ವ್ಯತ್ಯಾಸವೇ ಒಂದು ಪುಟ್ಟ ವಿದ್ಯುತ್ಕೋಶವಾಗಿ, ಆಮ್ಲಜನಕ ಕಡಿಮೆಯಿರುವ ಆಳದ ಲೋಹ ಕರಗತೊಡಗುತ್ತದೆ. ಉಪ್ಪು ಸೇರಿದರೆ ನೀರಿನ ವಾಹಕತೆ ಹೆಚ್ಚಿ ಆ ಕೋಶ ಇನ್ನಷ್ಟು ಚುರುಕಾಗುತ್ತದೆ. ತರಗತಿಯಲ್ಲಿ ವರ್ಷವರ್ಷವೂ ಹೇಳುವ ಪಾಠ ನನ್ನ ಮನೆಯ ಕಾರಿನಲ್ಲೇ ನಡೆಯುತ್ತಿತ್ತು.

ಕಾರ್ಖಾನೆಯಲ್ಲಿ ಬೆಸುಗೆ ಮುಗಿದ ಇಡೀ ದೇಹವನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತಿನ ನೆರವಿನಿಂದ ಪ್ರೈಮರ್ ಕೂರಿಸಿ, ಒಲೆಯಲ್ಲಿ ಬೇಯಿಸುತ್ತಾರೆ. ಪೆಟ್ಟಿಗೆಗಳ ಒಳಮೈಗೂ ಆ ಪ್ರೈಮರ್ ತಲುಪುತ್ತದೆ. ಅಲ್ಲಿ ಕೂಡ ಬಿಗಿಯಾಗಿ ಒತ್ತಿಕೊಂಡ ಅಂಚುಗಳ ನಡುವೆ ಅದು ಪೂರ್ತಿ ನುಗ್ಗುವುದಿಲ್ಲ. ಸತು ಲೇಪಿತ ಉಕ್ಕಿನ ತಗಡನ್ನು ಕಾರಿನ ದೇಹಕ್ಕೆ ಬಳಸುವ ರೂಢಿ ಜಗತ್ತಿನಾದ್ಯಂತ ಬೆಳೆದದ್ದಕ್ಕೆ ಇದೂ ಒಂದು ಕಾರಣ. ಲೇಪ ಮೊದಲೇ ತಗಡಿನ ಮೇಲಿದ್ದರೆ ಅಂಚುಗಳ ನಡುವೆಯೂ ಅದು ಇದ್ದೇ ಇರುತ್ತದೆ. ದುರಸ್ತಿ ಮಾಡುವವನಿಗೆ ತೊಟ್ಟಿಯೂ ಇಲ್ಲ, ಒಲೆಯೂ ಇಲ್ಲ. ಬೆಸುಗೆ ಹಾಕುವ ಮುನ್ನ ಅಂಚಿನ ಎರಡೂ ಮುಖಗಳಿಗೆ ಏನನ್ನಾದರೂ ಹಚ್ಚಬೇಕು. ಬೆಸುಗೆಯಾದ ಮೇಲೆ ಆ ಜಾಗಕ್ಕೆ ಬ್ರಷ್ಷಾಗಲಿ ಸ್ಪ್ರೇಯಾಗಲಿ ಮತ್ತೆಂದೂ ಹೋಗದು.

ಹಾಗಾದರೆ ರೆಡ್ ಆಕ್ಸೈಡನ್ನೇ ಹಚ್ಚಬಹುದಲ್ಲ ಎಂದು ಕೇಳುವವರಿದ್ದಾರೆ. ಸ್ಪಾಟ್ ವೆಲ್ಡಿಂಗಿನಲ್ಲಿ ಎರಡು ತಾಮ್ರದ ಮೊನೆಗಳ ನಡುವೆ ತಗಡುಗಳನ್ನು ಒತ್ತಿ ಹಿಡಿದು, ಕೆಲವೇ ವೋಲ್ಟಿನಲ್ಲಿ ಸುಮಾರು 8,000ದಿಂದ 10,000 ಆಂಪಿಯರ್ ವಿದ್ಯುತ್ತನ್ನು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಹರಿಸುತ್ತಾರೆ. ನಡುವೆ ಸಾಮಾನ್ಯ ಬಣ್ಣವಿದ್ದರೆ ಅದು ವಿದ್ಯುತ್ತಿಗೆ ಅಡ್ಡಗಟ್ಟೆ. ವೆಲ್ಡ್-ಥ್ರೂ ಪ್ರೈಮರಿನಲ್ಲಿ ಲೋಹದ ಪುಡಿ, ಹೆಚ್ಚಾಗಿ ಸತು, ಎಷ್ಟು ದಟ್ಟವಾಗಿ ತುಂಬಿರುತ್ತದೆಯೆಂದರೆ ಒಣಗಿದ ಪೊರೆಯಲ್ಲಿ ಕಣಕ್ಕೆ ಕಣ ತಾಗಿಕೊಂಡು ವಿದ್ಯುತ್ತು ಹರಿಯಲು ದಾರಿಯಾಗುತ್ತದೆ. ಅಂಟು ಕಡಿಮೆ, ಲೋಹ ಹೆಚ್ಚು. ಹೀಗಾಗಿ ಸುಡುವಾಗ ಏಳುವ ಹೊಗೆಯೂ, ಬೆಸುಗೆಯಲ್ಲಿ ಸಿಕ್ಕಿಕೊಳ್ಳುವ ಗಾಳಿಗುಳ್ಳೆಯೂ ಸಾಮಾನ್ಯ ಬಣ್ಣಕ್ಕಿಂತ ಕಡಿಮೆ. ಕಡಿಮೆ ಎಂದೆನೇ ಹೊರತು ಇಲ್ಲವೇ ಇಲ್ಲ ಎನ್ನಲಿಲ್ಲ; ಈ ವ್ಯತ್ಯಾಸ ತಿಳಿಯದೆಯೇ ಹಲವರು ಈ ಪ್ರೈಮರಿನಿಂದ ಬೆಸುಗೆಯನ್ನು ಕೆಡಿಸಿಕೊಳ್ಳುತ್ತಾರೆ.

ಸತುವಿನ ಇನ್ನೊಂದು ಗುಣ ಇದಕ್ಕಿಂತ ಮುಖ್ಯ. ಗಂಗೊಳ್ಳಿ ಬಂದರಿನಲ್ಲಿ ದುರಸ್ತಿಗೆಂದು ದಡಕ್ಕೆಳೆದ ದೋಣಿಗಳ ಹಿಂಭಾಗದಲ್ಲಿ, ಚುಕ್ಕಾಣಿಯ ಹತ್ತಿರ, ಬೋಲ್ಟ್ ಹಾಕಿ ಕೂರಿಸಿದ ಬೂದು ಲೋಹದ ಗಟ್ಟಿಗಳನ್ನು ನೋಡಿದವರಿಗೆ ಅದು ಗೊತ್ತು. ಉಪ್ಪುನೀರಿನಲ್ಲಿ ಸತು ತಾನು ಕರಗುತ್ತ ಪಕ್ಕದ ಉಕ್ಕನ್ನು ಉಳಿಸುತ್ತದೆ. ಲೋಹ ಎಷ್ಟು ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ ಎಂಬುದನ್ನು ಸೂಚಿಸುವ ಪ್ರಮಾಣ ವಿಭವ ಸತುವಿಗೆ ಮೈನಸ್ 0.76 ವೋಲ್ಟ್, ಕಬ್ಬಿಣದ್ದು ಮೈನಸ್ 0.44; ಇಬ್ಬರೂ ಒದ್ದೆಯಲ್ಲಿ ಕೂಡಿ ಕುಳಿತರೆ ಮೊದಲು ಎಲೆಕ್ಟ್ರಾನ್ ಬಿಟ್ಟುಕೊಡುವುದು ಸತು. 1824ರಲ್ಲಿ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಯನ್ನು ಉಳಿಸಲು ಪ್ರಯೋಗಿಸಿದ್ದು ಇದೇ ತತ್ತ್ವವನ್ನು. ಪ್ರೈಮರಿನ ಪೊರೆಯಲ್ಲಿ ಗೀರು ಬಿದ್ದರೂ, ಬೆಸುಗೆಯ ಪಕ್ಕದಲ್ಲಿ ಒಂದೆರಡು ಮಿಲಿಮೀಟರ್ ಬರಿದಾದರೂ, ಸುತ್ತಲಿನ ಸತು ಆ ಬರಿ ಜಾಗವನ್ನು ಸ್ವಲ್ಪಮಟ್ಟಿಗೆ ಕಾಯುತ್ತದೆ. ರೆಡ್ ಆಕ್ಸೈಡಿಗೆ ಈ ಶಕ್ತಿ ಇಲ್ಲ.

ಮಾರುಕಟ್ಟೆಯಲ್ಲಿ ತಾಮ್ರದ ಪುಡಿಯ ವೆಲ್ಡ್-ಥ್ರೂ ಪ್ರೈಮರ್ ಕೂಡ ಸಿಗುತ್ತದೆ. ಅದರ ಪರವಾಗಿರುವವರು ಹೇಳುವ ಮಾತಿನಲ್ಲಿ ಅರ್ಥವಿದೆ: ಸತು 907 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿದು ಆವಿಯಾಗುತ್ತದೆ, ತಾಮ್ರ ಅಷ್ಟು ಬೇಗ ಆವಿಯಾಗದು, ಆದ್ದರಿಂದ ಬೆಸುಗೆಯ ಸುತ್ತ ಸುಡುವ ವಲಯ ಸಣ್ಣದು, ಸಿಡಿತವೂ ಕಡಿಮೆ. ಆದರೆ ತಾಮ್ರದ ವಿಭವ ಪ್ಲಸ್ 0.34 ವೋಲ್ಟ್. ತಾಮ್ರ ಮತ್ತು ಉಕ್ಕು ಉಪ್ಪುನೀರಿನಲ್ಲಿ ಜೊತೆಯಾದರೆ ಕರಗುವುದು ಉಕ್ಕು. ನೀರು ಒಳಹೋಗದಂತೆ ಅಂಚನ್ನು ಪೂರ್ತಿ ಮುಚ್ಚಿದರೆ ತೊಂದರೆಯಿಲ್ಲ ಎನ್ನುವ ವಾದವನ್ನು ಒಣ ಹವೆಯ ಊರಿನವರು ಒಪ್ಪಲಿ. ಸಮುದ್ರದ ದಂಡೆಯ ಕಾರಿನ ರನ್ನಿಂಗ್ ಬೋರ್ಡಿಗೆ ನಾನು ಅದನ್ನು ಹಚ್ಚಲಾರೆ.

ಡಬ್ಬಿಯನ್ನು ಶೆಡ್ಡಿಗೆ ಒಯ್ದ ದಿನ ಆಚಾರ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಒಳ್ಗ್ ಇಪ್ಪುದನ್ನ ಯಾರ್ ಕಾಂತ್ರ್ ಮಾಷ್ಟ್ರೆ? ಬಣ್ಣದ್ ಮೇಲ್ ಬೆಸ್ಗಿ ಕೂಕಂತಿಲ್ಲ" ಎಂದರು. ಬಣ್ಣದ ಮೇಲೆ ಬೆಸುಗೆ ಕೂರುವುದಿಲ್ಲ ಎಂಬ ಅವರ ಮಾತಿನ ಎರಡನೆಯ ಭಾಗ ಅನುಭವದಿಂದ ಬಂದದ್ದು, ಅದನ್ನು ತಳ್ಳಿಹಾಕುವಂತಿರಲಿಲ್ಲ. ಕಾರಿಗೆ ಕೈ ಹಾಕುವ ಮುನ್ನ ತುಂಡು ತಗಡುಗಳ ಮೇಲೆ ಪರೀಕ್ಷೆ ಮಾಡೋಣ ಎಂದೆ. ಅದಕ್ಕೆ ಅವರು ಕೂಡಲೇ ಒಪ್ಪಿದರು.

ಅವರ ಬಳಿ ಸ್ಪಾಟ್ ವೆಲ್ಡಿಂಗ್ ಯಂತ್ರ ಇರಲಿಲ್ಲ. ನಮ್ಮ ಕಡೆಯ ಹೆಚ್ಚಿನ ಶೆಡ್ಡುಗಳಲ್ಲಿರುವಂತೆ ಸಿಓಟು ವೆಲ್ಡಿಂಗ್ ಎಂದು ಕರೆಯುವ, ಅನಿಲದ ರಕ್ಷಣೆಯಲ್ಲಿ ತಂತಿಯನ್ನು ಕರಗಿಸಿ ಬೆಸೆಯುವ ಮಿಗ್ ಯಂತ್ರವಿತ್ತು. ಅದರಲ್ಲಿ ಸ್ಪಾಟ್ ವೆಲ್ಡಿಂಗಿಗೆ ಬದಲಾಗಿ ಮಾಡುವುದು ಪ್ಲಗ್ ವೆಲ್ಡಿಂಗ್: ಮೇಲಿನ ತಗಡಿನಲ್ಲಿ 8 ಮಿ.ಮೀ. ತೂತು ಕೊರೆದು, ಕೆಳಗಿನ ತಗಡಿನ ಮೇಲೆ ಬಿಗಿಯಾಗಿ ಕೂರಿಸಿ, ತೂತಿನ ನಡುವಿನಿಂದ ಬೆಸುಗೆ ಆರಂಭಿಸಿ ಅಂಚಿನವರೆಗೆ ತುಂಬುವುದು. ಸ್ಪಾಟ್ ವೆಲ್ಡಿಂಗಿಗೂ ಇದಕ್ಕೂ ಪ್ರೈಮರಿನ ದೃಷ್ಟಿಯಿಂದ ದೊಡ್ಡ ಅಂತರವಿದೆ. ಸ್ಪಾಟ್ ಯಂತ್ರದ ಒತ್ತಡ ಕರಗಿದ ಸತುವನ್ನು ಪಕ್ಕಕ್ಕೆ ಹಿಂಡಿಬಿಡುತ್ತದೆ, ಬಿಸಿಯಾಗುವ ಜಾಗವೂ ಚಿಕ್ಕದು. ಮಿಗ್ ಯಂತ್ರದ ವಿದ್ಯುತ್ ಚಾಪದ (ಆರ್ಕ್) ಕೆಳಗೆ 1,500 ಡಿಗ್ರಿಗೂ ಮಿಕ್ಕಿದ ಕರಗಿದ ಉಕ್ಕು ಇರುತ್ತದೆ. ಅದರಡಿಯಲ್ಲಿ ಸತು ಇದ್ದರೆ ಅದು ಆವಿಯಾಗಿ ಮೇಲೆ ನುಗ್ಗಿ, ಗಟ್ಟಿಯಾಗುತ್ತಿರುವ ಬೆಸುಗೆಯಲ್ಲಿ ಹುಳ ಕೊರೆದಂಥ ತೂತುಗಳನ್ನು ಬಿಡುತ್ತದೆ.

ಎರಡು ಅಂಗುಲ ಅಗಲದ ಪಟ್ಟಿಗಳಿಂದ ನಾಲ್ಕು ಜೋಡಿ ಮಾಡಿದೆವು. ಒಂದಕ್ಕೆ ಏನನ್ನೂ ಹಚ್ಚಲಿಲ್ಲ. ಎರಡನೆಯದಕ್ಕೆ ಪ್ರೈಮರನ್ನು ಕಣ್ಣಿಗೆ ಚೆನ್ನಾಗಿ ಕಾಣಲೆಂದು ಎರಡು ಮೂರು ಸುತ್ತು ದಪ್ಪಗೆ ಹೊಡೆದೆವು. ಮೂರನೆಯದಕ್ಕೆ ಒಂದೇ ಒಂದು ತೆಳು ಸುತ್ತು. ನಾಲ್ಕನೆಯದಕ್ಕೂ ತೆಳು ಸುತ್ತೇ, ಆದರೆ ಬೆಸುಗೆ ಬೀಳುವ ತೂತಿನೊಳಗಿನ ವೃತ್ತವನ್ನಷ್ಟೇ ಸ್ಕ್ರೂಡ್ರೈವರಿನ ಮೊನೆಯಿಂದ ಕೆರೆದು ಬೆಳ್ಳಗೆ ಮಾಡಿಕೊಂಡೆವು. ದಪ್ಪ ಹಚ್ಚಿದ ಜೋಡಿಯ ಮೇಲೆ ಬೆಸುಗೆ ಬೀಳುವಾಗಲೇ ಒಗ್ಗರಣೆಗೆ ಹಸಿ ಸೊಪ್ಪು ಹಾಕಿದಂತೆ ಚಟಪಟ ಸಿಡಿಯಿತು, ಟಾರ್ಚಿನ ಬಾಯಿಗೆ ಕಿಡಿಗಳು ಅಂಟಿಕೊಂಡವು. ಆರಿದ ಮೇಲೆ ಒಂದೊಂದನ್ನೂ ವೈಸಿಗೆ ಕಚ್ಚಿಸಿ, ನಡುವೆ ಉಳಿ ಇಟ್ಟು ಸುತ್ತಿಗೆಯಿಂದ ಬಿಡಿಸಿದೆವು. ಬೆಸುಗೆ ಸರಿಯಾಗಿದ್ದರೆ ಅದು ತಾನು ಬಿಡದೆ, ಒಂದು ತಗಡಿನ ತುಂಡನ್ನು ಗುಂಡಿಯಂತೆ ಹರಿದುಕೊಂಡು ಇನ್ನೊಂದಕ್ಕೆ ಅಂಟಿ ನಿಲ್ಲಬೇಕು. ಬರಿ ಲೋಹದ ಜೋಡಿಯಲ್ಲೂ ನಾಲ್ಕನೆಯದರಲ್ಲೂ ಹಾಗೆಯೇ ಆಯಿತು. ಮೂರನೆಯದು ಅರ್ಧ ಹರಿದು ಅರ್ಧ ಬಿಟ್ಟಿತು. ಎರಡನೆಯದು ಎರಡೇ ಏಟಿಗೆ ಕಳಚಿ ಬಂತು. ಅದರ ಬುಡದಲ್ಲಿ ಸೂಜಿ ಚುಚ್ಚಿದಂಥ ರಂಧ್ರಗಳ ಗೊಂಚಲೇ ಇತ್ತು. ಆಚಾರ್ರು ಅದನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಅವರ ಅನುಭವ ಹೇಳಿದ್ದು ಇದನ್ನೇ.

ನಾಲ್ಕನೆಯ ಜೋಡಿಯ ಒಳಮುಖವನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ನಡುವೆ ಹರಿದ ಉಕ್ಕಿನ ಬೆಳ್ಳಿ ಬಣ್ಣ. ಅದರ ಸುತ್ತ ಅಂದಾಜು 8-10 ಮಿ.ಮೀ. ಅಗಲದ ಉಂಗುರದಲ್ಲಿ ಪ್ರೈಮರ್ ಸುಟ್ಟು ಕಪ್ಪಾಗಿ, ಅದರ ಮೇಲೆ ಬಿಳಿ-ಹಳದಿ ಪುಡಿ ಕೂತಿದೆ. ಅದು ಸತುವಿನ ಆಕ್ಸೈಡ್. ಉಂಗುರದಾಚೆ ಮೊದಲಿನ ಬೂದು ಬಣ್ಣ ಹಾಗೇ ಇದೆ. ವೆಲ್ಡ್-ಥ್ರೂ ಪ್ರೈಮರ್ ಹಚ್ಚಿದರೆ ಅಂಚು ಪೂರ್ತಿ ರಕ್ಷಿತ ಎಂದು ನಂಬಿದವರು ಈ ಉಂಗುರವನ್ನು ಒಮ್ಮೆ ನೋಡಬೇಕು. ಬೆಸುಗೆಗೆ ತೀರ ಸಮೀಪದ ಜಾಗವನ್ನು ಅದು ಉಳಿಸಲಾರದು, ಎರಡು ಬೆಸುಗೆಗಳ ನಡುವಿನ ಹರವನ್ನು ಉಳಿಸುತ್ತದೆ. ಹಳೆಯ ಅಂಚಿನಲ್ಲಿ ಹಪ್ಪಳದಂತೆ ಉಬ್ಬಿದ್ದದ್ದು ಆ ಹರವೇ. ಉಳಿದ ಉಂಗುರಕ್ಕೆ ಬೇರೆ ಉಪಾಯ ಬೇಕು, ಅದನ್ನು ಮುಂದೆ ಹೇಳುತ್ತೇನೆ.

ಪರೀಕ್ಷೆಯ ನಂತರ ಕಾರಿನ ಮೇಲೆ ಕೆಲಸ ಮಾಡಿದ್ದು ಹೀಗೆ. ಅಂಗಡಿಯಿಂದ ತಂದ ಹೊಸ ರನ್ನಿಂಗ್ ಬೋರ್ಡ್ ತಗಡಿಗೆ ಕಪ್ಪು ಲೇಪವಿತ್ತು. ಥಿನ್ನರ್ ಅದ್ದಿದ ಬಟ್ಟೆಯಿಂದ ಉಜ್ಜಿದಾಗ ಬಟ್ಟೆಗೆ ಕಪ್ಪು ಹತ್ತಿದರೆ ಅದು ಸಾಗಣೆಯ ಮಟ್ಟಿಗೆ ಹೊಡೆದ ಅಗ್ಗದ ಬಣ್ಣ, ಪೂರ್ತಿ ತೆಗೆಯಬೇಕು. ಹತ್ತದಿದ್ದರೆ ಬೇಯಿಸಿದ ಒಳ್ಳೆಯ ಪ್ರೈಮರ್, ಅದನ್ನು ಅಂಚು ಬಿಟ್ಟು ಬೇರೆಡೆ ಉಳಿಸಿಕೊಳ್ಳಬಹುದು. ನಮ್ಮದು ಹತ್ತಿತು. ಕಾರಿನ ಕಡೆಯಲ್ಲಿ ಉಳಿದಿದ್ದ ಒಳತಗಡಿನ ಅಂಚನ್ನು ಬೆಳ್ಳಗಾಗುವವರೆಗೆ ಉಜ್ಜಿದೆವು; ಗುಳಿಯೊಳಗೆ ಕಪ್ಪು ಚುಕ್ಕೆ ಉಳಿದ ಕಡೆ, ಅಂದರೆ ತುಕ್ಕು ಇನ್ನೂ ಜೀವಂತ ಇರುವ ಕಡೆ, ತಗಡನ್ನೇ ಕತ್ತರಿಸಿ ಹೊಸ ತುಂಡು ಸೇರಿಸಿದೆವು. ಸತುವಿನ ಪ್ರೈಮರ್ ತುಕ್ಕಿನ ಮೇಲೆ ಕೆಲಸ ಮಾಡುವುದಿಲ್ಲ. ಸತುವಿನ ಕಣ ಬರಿ ಉಕ್ಕಿಗೆ ತಾಗಿದರೆ ಮಾತ್ರ ಅದರ ತ್ಯಾಗಕ್ಕೆ ಬೆಲೆ. ಸತು ಲೇಪವಿರುವ ತಗಡಾದರೆ ಇದಕ್ಕೆ ವಿರುದ್ಧ ಎಚ್ಚರ ಬೇಕು: ಹೊಳಪು ಬರಲಿ ಎಂದು ಗ್ರೈಂಡರ್ ಆಡಿಸಿದರೆ ಡಬ್ಬಿಯಿಂದ ಬರುವುದಕ್ಕಿಂತ ಎಷ್ಟೋ ಉತ್ತಮವಾದ ಲೇಪವನ್ನು ನಾವೇ ತೆಗೆದು ಬಿಸಾಡಿದಂತೆ.

ಎಣ್ಣೆಯಂಶ ತೆಗೆಯಲು ಬ್ರೇಕ್ ಕ್ಲೀನರ್ ಬಳಸುವ ಅಭ್ಯಾಸ ಹಲವರಿಗಿದೆ. ಕ್ಲೋರಿನ್ ಇರುವ ಕ್ಲೀನರ್ ಒದ್ದೆಯಾಗಿ ಉಳಿದ ಜಾಗದಲ್ಲಿ ಚಾಪ ಹೊತ್ತಿಸಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಜೀವಕ್ಕೇ ಅಪಾಯ. ನಾವು ಅಸಿಟೋನ್ ಬಳಸಿ, ಅದು ಪೂರ್ತಿ ಆರಿದ ಮೇಲೆ ಡಬ್ಬಿಯನ್ನು ಶೆಡ್ಡಿನಿಂದ ಹೊರಗಿಟ್ಟು ಮುಂದುವರಿದೆವು. ನಮ್ಮ ಹವೆಯಲ್ಲಿ ಬೆಳ್ಳಗೆ ಉಜ್ಜಿದ ಉಕ್ಕು ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಕೆಂಪಗಾಗುತ್ತದೆ. ಆದ್ದರಿಂದ ಉಜ್ಜಿದ ಕೈಯಲ್ಲೇ ಪ್ರೈಮರ್ ಹೊಡೆಯಬೇಕು. ಸತು ಭಾರವಾದ್ದರಿಂದ ಡಬ್ಬಿಯ ತಳದಲ್ಲಿ ಕೂತಿರುತ್ತದೆ. ಒಳಗಿನ ಗುಂಡು ಸಡಿಲಾಗಿ ಕುಲುಕತೊಡಗಿದ ಮೇಲೂ ಎರಡು ನಿಮಿಷ ಅಲುಗಾಡಿಸದಿದ್ದರೆ ಮೊದಲು ಬರುವುದು ಬರಿ ಅಂಟು ಮತ್ತು ಥಿನ್ನರ್. ಅಂಚಿನ ಆಚೆ ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡು ತಗಡು ಕೂಡುವ ಪಟ್ಟಿಗಷ್ಟೇ, ಎರಡೂ ಮುಖಗಳಿಗೆ, ಕೆಳಗಿನ ಉಕ್ಕು ಮಸುಕಾಗಿ ಕಾಣುವಷ್ಟು ತೆಳ್ಳಗೆ ಒಂದು ಸುತ್ತು ಹೊಡೆದೆವು. ಡಬ್ಬಿಯ ಮೇಲೆ ಹದಿನೈದು ನಿಮಿಷದಲ್ಲಿ ಒಣಗುತ್ತದೆ ಎಂದಿದ್ದರೂ ಮಳೆ ಮೋಡ ಕವಿದಿದ್ದ ಆ ದಿನಗಳಲ್ಲಿ ಒಂದು ಗಂಟೆಗಿಂತ ಕಡಿಮೆ ಕಾಯಲಿಲ್ಲ, ಏಕೆಂದರೆ ಒಳಗೆ ಉಳಿದ ಥಿನ್ನರ್ ಕೂಡ ಬೆಸುಗೆಯಲ್ಲಿ ಗುಳ್ಳೆಯಾಗಿಯೇ ಹೊರಬರುತ್ತದೆ.

ಆಮೇಲೆ ತಗಡನ್ನು ಕೂರಿಸಿ, ಬಾಗಿಲು ಹಾಕಿ ಸಂದು ಸರಿಯಿದೆಯೇ ಎಂದು ನೋಡಿ, ಗ್ರಿಪ್ ಪ್ಲೈಯರುಗಳಿಂದ ಬಿಗಿದು, ಪ್ರತಿ ತೂತಿನೊಳಗಿನ ವೃತ್ತವನ್ನೂ ಕೆರೆದೆವು. ಬಿಗಿತ ಬಹಳ ಮುಖ್ಯ. ತಗಡುಗಳ ನಡುವೆ ಸಂದು ಉಳಿದರೆ ಬೆಸುಗೆಯೂ ಸೊರಗುತ್ತದೆ, ಸುಡುವ ಉಂಗುರವೂ ಅಗಲವಾಗುತ್ತದೆ. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಅರ್ಥ್ ಕ್ಲ್ಯಾಂಪನ್ನು ಪಕ್ಕದ ಬರಿ ಲೋಹಕ್ಕೇ ಕಚ್ಚಿಸಿ, ಒಂದು ಬೆಸುಗೆ ಈ ತುದಿಗೆ, ಮುಂದಿನದು ಆ ತುದಿಗೆ ಎಂಬಂತೆ ಹಾಕುತ್ತ ಹೋದೆವು. ಕಾರ್ಖಾನೆಯ ಸ್ಪಾಟುಗಳು ಎಷ್ಟಿದ್ದವೋ ಅದಕ್ಕಿಂತ ಒಂದೂ ಕಡಿಮೆ ಮಾಡಲಿಲ್ಲ.

ಮೊದಲ ದಿನ ನಾನು ಮಾಡಿದ ತಪ್ಪನ್ನು ಇಲ್ಲಿ ದಾಖಲಿಸಲೇಬೇಕು. ಮಳೆ ಹನಿಯುತ್ತಿತ್ತೆಂದು ಶೆಡ್ಡಿನ ಬಾಗಿಲು ಮುಚ್ಚಿ, ಮುಖಕ್ಕೆ ಬೈರಾಸು ಕಟ್ಟಿಕೊಂಡು, ಬೆಸುಗೆಯ ಮೇಲೆ ಬಾಗಿ ಎರಡು ಗಂಟೆ ನಿಂತಿದ್ದೆ. ಸಂಜೆ ಚಹಾ ಕುಡಿದರೆ ಬಾಯಲ್ಲಿ ನಾಣ್ಯ ಇಟ್ಟುಕೊಂಡಂಥ ಸಿಹಿ-ಒಗರು ರುಚಿ. ರಾತ್ರಿ ಒಂಬತ್ತರ ಹೊತ್ತಿಗೆ ಮೈಯೆಲ್ಲ ನಡುಕ, ಜ್ವರ, ಕೈಕಾಲು ನೋವು. ಮರುದಿನ ಮಧ್ಯಾಹ್ನದ ವೇಳೆಗೆ ತಾನಾಗಿಯೇ ಇಳಿಯಿತು. ಸತುವಿನ ಆಕ್ಸೈಡಿನ ಹೊಗೆ ಉಸಿರಾಡಿದವರಿಗೆ ಬರುವ ಈ ಜ್ವರ ಬೆಸುಗೆಗಾರರಿಗೆ ಹಳೆಯ ಪರಿಚಯ. ಆಚಾರ್ರು ಅದಕ್ಕೆ ಹಾಲು ಕುಡಿಯಬೇಕೆಂದರು. ಅವರ ಗುರುಗಳೂ ಹಾಗೆಯೇ ಹೇಳಿದ್ದರಂತೆ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಹೋಗಿರುವುದು ಶ್ವಾಸಕೋಶಕ್ಕೆ; ಕುಡಿಯುವುದರಿಂದ ನಷ್ಟವಿಲ್ಲ, ಆದರೆ ಅದನ್ನು ನಂಬಿ ಮಾಸ್ಕ್ ಬಿಡುವುದರಿಂದ ನಷ್ಟವಿದೆ. ಬಟ್ಟೆ ಈ ಹೊಗೆಯ ಕಣಗಳನ್ನು ತಡೆಯುವುದಿಲ್ಲ. ಮರುದಿನದಿಂದ ಲೋಹದ ಹೊಗೆ ತಡೆಯುವ ಫಿಲ್ಟರ್ ಇರುವ ಮಾಸ್ಕ್ ಇಬ್ಬರಿಗೂ ತಂದೆ, ಬಾಗಿಲು ತೆರೆದು ಬೆನ್ನ ಹಿಂದಿನಿಂದ ಫ್ಯಾನ್ ಇಟ್ಟೆವು. ಗಾಳಿ ನೇರವಾಗಿ ಬೆಸುಗೆಗೆ ಬಡಿದರೆ ರಕ್ಷಕ ಅನಿಲ ಚದುರುವುದರಿಂದ ಫ್ಯಾನನ್ನು ದೂರದಲ್ಲಿಡಬೇಕು. ನಲವತ್ತು ವರ್ಷ ಈ ಹೊಗೆಯಲ್ಲೇ ದುಡಿದ ಮನುಷ್ಯ ಮಾಸ್ಕ್ ಹಾಕಿಕೊಂಡು "ಉಸ್ರ್ ಹಗುರ ಆಯ್ತ್" ಎಂದಾಗ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು.

ಎಲ್ಲ ಕಾರಿಗೂ ಇದೇ ಕ್ರಮ ಸರಿ ಎಂದು ನಾನು ಹೇಳುತ್ತಿಲ್ಲ. ತಯಾರಕರಲ್ಲೇ ಇದರ ಬಗ್ಗೆ ಒಮ್ಮತವಿಲ್ಲ. ಕೆಲವರ ದುರಸ್ತಿ ಕೈಪಿಡಿ ವೆಲ್ಡ್-ಥ್ರೂ ಪ್ರೈಮರ್ ಕಡ್ಡಾಯ ಎನ್ನುತ್ತದೆ, ಕೆಲವರದು ಬೇಡವೇ ಬೇಡ ಎನ್ನುತ್ತದೆ. ಅಂಚುಗಳ ನಡುವೆ ರಚನಾತ್ಮಕ ಅಂಟು ಹಚ್ಚಿ ಅದರ ಜೊತೆಗೇ ಸ್ಪಾಟ್ ಹಾಕುವ ಹೊಸ ಕಾರುಗಳಲ್ಲಿ ಅಂಟೇ ನೀರನ್ನು ತಡೆಯುತ್ತದೆ. ಅಲ್ಲಿ ಪ್ರೈಮರ್ ಹಚ್ಚಿದರೆ ಅಂಟು ಉಕ್ಕಿಗೆ ಹಿಡಿಯದೆ ಪ್ರೈಮರಿನ ಸಡಿಲ ಪೊರೆಗೆ ಹಿಡಿಯುತ್ತದೆ. ಅಪಘಾತವಾದ ಹೊಸ ಕಾರನ್ನು ದುರಸ್ತಿ ಮಾಡುವವರು ಆ ಮಾದರಿಯ ಕೈಪಿಡಿಯನ್ನೇ ಅನುಸರಿಸಬೇಕು. ನಾನು ಹೇಳುತ್ತಿರುವುದು ಸಾದಾ ಉಕ್ಕಿನ ತಗಡಿನ ಹಳೆಯ ಕಾರುಗಳ ವಿಷಯ.

ಬೆಸುಗೆ ಮುಗಿದ ಮೇಲಿನ ಕೆಲಸವನ್ನು ಬಿಟ್ಟರೆ ಅಲ್ಲಿಯವರೆಗಿನ ಶ್ರಮವೆಲ್ಲ ಒಂದೆರಡು ಮಳೆಗಾಲಕ್ಕೆ ಮುಗಿಯುತ್ತದೆ. ಅಂಚಿನಿಂದ ಹೊರಗೆ ಕಾಣುವ ವೆಲ್ಡ್-ಥ್ರೂ ಪ್ರೈಮರನ್ನು ಉಜ್ಜಿ ತೆಗೆಯಬೇಕು. ಅದರಲ್ಲಿ ಅಂಟು ಕಡಿಮೆ ಇರುವುದರಿಂದ ಅದರ ಮೇಲೆ ಹಚ್ಚಿದ ಬಣ್ಣ ಭದ್ರವಾಗಿ ಕೂರುವುದಿಲ್ಲ. ಅದು ಎರಡು ತಗಡುಗಳ ನಡುವೆ ಇರಬೇಕಾದ ವಸ್ತು, ಬಯಲಿನಲ್ಲಿ ಇರಬೇಕಾದದ್ದಲ್ಲ. ಸುಟ್ಟ ಕಪ್ಪು ಮತ್ತು ಬಿಳಿ ಪುಡಿಯನ್ನು ವೈರ್ ಬ್ರಷ್ಷಿನಿಂದ ತೆಗೆದು, ಬರಿ ಲೋಹಕ್ಕೆ ಎರಡು ಸುತ್ತು ಎಪಾಕ್ಸಿ ಪ್ರೈಮರ್ ಹೊಡೆದು, ಅದು ಗಟ್ಟಿಯಾದ ಮೇಲೆ ಅಂಚಿನ ಬಾಯಿಗೆ ಉದ್ದಕ್ಕೂ ಸಂದು ಮುಚ್ಚುವ ಸೀಮ್ ಸೀಲರ್ ಹಚ್ಚಿ ಬೆರಳಿನಿಂದ ಒತ್ತಿ ಸವರಿದೆವು. ನೀರು ಏರುವ ಬಾಯಿ ಅದು. ಅದನ್ನು ಮುಚ್ಚಿದರೆ ಒಳಗಿನ ಸತುವಿಗೆ ಕೆಲಸವೇ ಕಡಿಮೆ.

ಒಳಗೆ ಉಳಿದ ಸುಟ್ಟ ಉಂಗುರಗಳಿಗೆ ಕ್ಯಾವಿಟಿ ವ್ಯಾಕ್ಸ್ ಎಂಬ ತೆಳು ಮೇಣವೇ ಉಪಾಯ. ಉದ್ದನೆಯ ನಳಿಕೆಯ ತುದಿಯಲ್ಲಿ ಸುತ್ತಲೂ ಚಿಮ್ಮುವ ರಂಧ್ರಗಳಿರುತ್ತವೆ. ಬಾಗಿಲಿನ ಕಂಬದ ಬುಡದಲ್ಲಿರುವ ರಬ್ಬರ್ ಬಿರಟೆ ತೆಗೆದು ನಳಿಕೆಯನ್ನು ರನ್ನಿಂಗ್ ಬೋರ್ಡಿನ ಆಚೆ ತುದಿಯವರೆಗೆ ತೂರಿಸಿ, ಒತ್ತುತ್ತಲೇ ನಿಧಾನಕ್ಕೆ ಹಿಂದೆಳೆಯಬೇಕು. ಮೇಣ ಸಂದುಗಳಿಗೆ ತಾನಾಗಿಯೇ ಹರಿದು, ನೀರು ನುಗ್ಗುವ ದಾರಿಯಲ್ಲೇ ತಾನೂ ನುಗ್ಗಿ ಕೂರುತ್ತದೆ. ಎಲ್ಲ ಬೆಸುಗೆಯೂ ಮುಗಿದ ಮೇಲೆಯೇ ಇದನ್ನು ಮಾಡಬೇಕು, ಏಕೆಂದರೆ ಮೇಣ ತುಂಬಿದ ಪೆಟ್ಟಿಗೆಯ ಮೇಲೆ ಮತ್ತೆ ಬೆಸುಗೆ ಹಾಕಿದರೆ ಒಳಗೆ ಬೆಂಕಿ ಹತ್ತುತ್ತದೆ.

ಮೇಣ ಹೊಡೆದ ಸಂಜೆ ಕಾರಿನ ಕೆಳಗೆ ಹಳೆಯ ಉದಯವಾಣಿ ಹಾಳೆಗಳನ್ನು ಹಾಸಿ ಬಂದಿದ್ದೆ. ಬೆಳಿಗ್ಗೆ ಹೋಗಿ ನೋಡಿದಾಗ, ನೀರು ಹೊರಹೋಗಲೆಂದು ತಳದಲ್ಲಿ ಬಿಟ್ಟಿದ್ದ ನಾಲ್ಕು ರಂಧ್ರಗಳಲ್ಲಿ ಮೂರರ ಕೆಳಗೆ ಮೇಣದ ಹಳದಿ ಕಲೆ ಬಿದ್ದಿತ್ತು, ಹಿಂದಿನ ಚಕ್ರದ ಹತ್ತಿರದ್ದರ ಕೆಳಗೆ ಹಾಳೆ ಒಣಗಿಯೇ ಇತ್ತು. ಆಚಾರ್ರು ಸೈಕಲ್ಲಿನ ಒಂದು ಕಡ್ಡಿ ತಂದುಕೊಟ್ಟರು. ಮಲಗಿ ಅದನ್ನು ಆ ರಂಧ್ರದೊಳಗೆ ಆಡಿಸಿದಾಗ ಗಟ್ಟಿಯಾಗಿದ್ದ ಮೇಣದ ಬಿಲ್ಲೆ ಒಡೆದು, ಹಿಂದೆಯೇ ಎರಡು ತೊಟ್ಟು ಹಾಳೆಯ ಮೇಲೆ ಬಿದ್ದವು. ಆಮೇಲೆ ಅದೇ ಅಂಚಿಗೆ ಜಾಕ್ ಕೊಟ್ಟು ಕಾರನ್ನು ಎತ್ತಿದೆವು, ಟಯರ್ ಬದಲಾಯಿಸಿದೆವು.